ಹುಬ್ಬಳ್ಳಿಯಿಂದ ಒಂದೇ ದಿನಕ್ಕೆ ಸಮುದ್ರ: ಕಾರವಾರವೋ, ಗೋಕರ್ಣವೋ, ಇಲ್ಲಾ ಇನ್ನೂ ಮುಂದೆಯೋ?

ಡಿಸೆಂಬರ್ ಬಂತೆಂದರೆ ನಮ್ಮ ಕಡೆ ಮನೆ ಮನೆಯಲ್ಲೂ ಒಂದೇ ಮಾತು. ಭಾನುವಾರ ಸಮುದ್ರಕ್ಕೆ ಹೋಗಿ ಬರೋಣ. ಸರಿ, ಯಾವ ಊರಿಗೆ? ಅಪ್ಪ ಕಾರವಾರ ಅಂತಾರೆ, ಅಕ್ಕನಿಗೆ ಗೋಕರ್ಣ ಬೇಕು, ಅಜ್ಜಿಗೆ ಮುರುಡೇಶ್ವರ, ಕಾಲೇಜಿಗೆ ಹೋಗುವ ಹುಡುಗನಂತೂ ಗೋವಾ ಬಿಟ್ಟು ಬೇರೆ ಹೆಸರೇ ಎತ್ತುವುದಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ವಾರವಿಡೀ ಚರ್ಚೆ ನಡೆದು ಕೊನೆಗೆ ಎಲ್ಲರೂ ಉಣಕಲ್ ಕೆರೆ ದಂಡೆಗೆ ಹೋಗಿ ಗಿರಮಿಟ್ ತಿಂದು ಬಂದಿದ್ದೂ ಉಂಟು.

ಯಾವ ಬೀಚ್ ಚೆನ್ನಾಗಿದೆ ಅಂತ ಕೇಳುತ್ತಾ ಕೂತರೆ ಈ ಜಗಳ ಮುಗಿಯುವುದಿಲ್ಲ. ಎಲ್ಲವೂ ಚೆನ್ನಾಗಿಯೇ ಇವೆ. ಒಂದು ದಿನಕ್ಕೆ ಹೋಗಿ ಬರುವವರು ಮೊದಲು ಲೆಕ್ಕ ಹಾಕಬೇಕಾದ್ದು ಗಾಡಿಯಲ್ಲಿ ಎಷ್ಟು ತಾಸು, ಮರಳಿನ ಮೇಲೆ ಎಷ್ಟು ತಾಸು ಅಂತ. ಬೆಳಗ್ಗೆ ಐದಕ್ಕೆ ಹೊರಟು ರಾತ್ರಿ ಹತ್ತಕ್ಕೆ ಮನೆ ಸೇರುವುದಾದರೆ ಕೈಯಲ್ಲಿರುವುದು 17 ತಾಸು. ಗೋಕರ್ಣಕ್ಕೆ ಹೋಗಿ ಬರಲು ಏಳು ತಾಸು, ನಾಷ್ಟಾ ಚಹಾ ಅಂತ ದಾರಿಯಲ್ಲಿ ಒಂದೂವರೆ ತಾಸು ಹೋದರೂ ಎಂಟು ತಾಸು ಉಳಿಯುತ್ತದೆ. ಅದೇ ಮುರುಡೇಶ್ವರಕ್ಕೆ ಹೋದರೆ ದಾರಿಗೇ ಹತ್ತು ತಾಸು ಬೇಕು. ಉಳಿದ ಐದೂವರೆ ತಾಸಿನಲ್ಲಿ ದರ್ಶನ, ಊಟ, ಸ್ನಾನ, ಬಟ್ಟೆ ಬದಲಿಸುವುದು ಎಲ್ಲಾ ಆಗಬೇಕು.

ಎರಡನೆಯದು, ಜೊತೆಗೆ ಯಾರಿದ್ದಾರೆ. ಮೊಣಕಾಲು ನೋವಿನ ಅಜ್ಜಿ ಇದ್ದರೆ ಮೆಟ್ಟಿಲಿರುವ ಬೀಚು ಬೇಡ. ಮೂರು ವರ್ಷದ ಮಗು ಇದ್ದರೆ ಶೌಚಾಲಯ, ಸಿಹಿನೀರಿನ ಸ್ನಾನದ ವ್ಯವಸ್ಥೆ ಎರಡೂ ಬೇಕೇ ಬೇಕು. ಮೂರನೆಯದು, ನೀರಿಗೆ ಇಳಿಯುತ್ತೀರೋ ಇಲ್ಲವೋ. ನಮ್ಮಲ್ಲಿ ಅರ್ಧ ಜನ ಪ್ಯಾಂಟ್ ಮಡಚಿಕೊಂಡು ಪಾದ ತೋಯಿಸಿ ಫೋಟೋ ತೆಗೆಸಿಕೊಂಡರೆ ಖುಷಿ, ಅವರಿಗೆ ಯಾವ ಊರಾದರೂ ಆದೀತು. ಆಮೇಲೆ ಊಟ: ಮೀನು ತಿನ್ನುವವರ ಗುಂಪೋ, ಬುತ್ತಿ ಕಟ್ಟಿಕೊಂಡು ಹೋಗುವವರ ಗುಂಪೋ. ಕೊನೆಗೆ ದುಡ್ಡು, ಮತ್ತೆ ಕತ್ತಲಲ್ಲಿ ಘಟ್ಟ ಹತ್ತುವ ಧೈರ್ಯ.

ದಾರಿ ಒಮ್ಮೆ ನೋಡಿಬಿಡೋಣ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಧಾರವಾಡದವರು ಹುಬ್ಬಳ್ಳಿಗೆ ಬರುವುದೇ ಬೇಡ, ಕಲಘಟಗಿಗೆ ನೇರ ರಸ್ತೆ ಇದೆ. ಅಂಕೋಲಾಕ್ಕೆ ಮೂರು ತಾಸು ಹಿಡಿಯಿರಿ. ಅಲ್ಲಿ ಬಲಕ್ಕೆ ತಿರುಗಿದರೆ ಕಾರವಾರ, ಎಡಕ್ಕೆ ತಿರುಗಿದರೆ ಗೋಕರ್ಣ, ಕುಮಟಾ, ಹೊನ್ನಾವರ, ಮುರುಡೇಶ್ವರ ಒಂದರ ಹಿಂದೊಂದು. ಗದಗಿನವರಿಗೆ ಇದರ ಮೇಲೆ ಇನ್ನೂ 60 ಕಿಲೋಮೀಟರ್, ಹಾಗಾಗಿ ನಾಲ್ಕಕ್ಕೇ ಗಾಡಿ ತೆಗೆಯಬೇಕು. ಹಾವೇರಿ, ಹಾನಗಲ್ ಕಡೆಯವರ ಲೆಕ್ಕವೇ ಬೇರೆ. ಅವರು ಹುಬ್ಬಳ್ಳಿಗೆ ಬಂದು ಸುತ್ತುವ ಬದಲು ಶಿರಸಿ ಮೇಲೆ ದೇವಿಮನೆ ಘಟ್ಟ ಇಳಿದರೆ ನೇರ ಕುಮಟಾಕ್ಕೇ ಬರುತ್ತಾರೆ. ಹುಬ್ಬಳ್ಳಿಯವರಿಗೆ ದೂರ ಅನಿಸುವ ಹೊನ್ನಾವರ ಅವರಿಗೆ ಹತ್ತಿರ, ನಮಗೆ ಹತ್ತಿರದ ಕಾರವಾರ ಅವರಿಗೆ ದೂರ. ಒಂದೇ ಮಾತು, ಶಿರಸಿ–ಕುಮಟಾ ರಸ್ತೆ ಅಗಲ ಮಾಡುವ ಕೆಲಸಕ್ಕೆ ಆಗಾಗ ಸಂಚಾರ ನಿಲ್ಲಿಸಿದ್ದಾರೆ, ಹೊರಡುವ ಹಿಂದಿನ ದಿನ ಶಿರಸಿಯಲ್ಲಿ ಯಾರನ್ನಾದರೂ ಕೇಳಿಕೊಳ್ಳಿ.

ಕಾರವಾರ

ಹುಬ್ಬಳ್ಳಿಯಿಂದ ಸುಮಾರು 165 ಕಿಲೋಮೀಟರ್, ಮೂರೂವರೆಯಿಂದ ನಾಲ್ಕು ತಾಸು. ಎಲ್ಲಾ ವಯಸ್ಸಿನವರೂ ಇರುವ ಕುಟುಂಬ ಬಂದು ಕೇಳಿದರೆ ನಾನು ಮೊದಲು ಹೇಳುವುದು ಇದೇ ಊರು. ರವೀಂದ್ರನಾಥ ಟಾಗೋರ್ ಕಡಲತೀರ ಪೇಟೆಗೆ ಅಂಟಿಕೊಂಡೇ ಇದೆ. ಬಸ್ಸಿನಲ್ಲಿ ಬಂದವರು ಸ್ಟ್ಯಾಂಡಿನಿಂದ ನಡೆದೇ ಹೋಗಬಹುದು. ಮೆಟ್ಟಿಲು ಇಲ್ಲ, ಗುಡ್ಡ ಇಲ್ಲ, ರಸ್ತೆ ಮುಗಿದರೆ ಮರಳು. ಟಾಗೋರ್ 22ರ ಹರೆಯದಲ್ಲಿ ಇಲ್ಲಿಗೆ ಬಂದು ಉಳಿದಿದ್ದರು, ಅವರ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಬೀಚಿಗೆ ಆ ಹೆಸರು ಬಂದದ್ದು ಹಾಗೆ.

ಮಕ್ಕಳಿಗೆ ಇಲ್ಲಿ ಇನ್ನೊಂದು ಆಕರ್ಷಣೆ ಉಂಟು: ಐಎನ್ಎಸ್ ಚಪಲ್, ನೌಕಾಪಡೆಯಿಂದ ನಿವೃತ್ತಿಯಾದ ಕ್ಷಿಪಣಿ ಹಡಗು, ಬೀಚಿನ ಮೇಲೇ ನಿಲ್ಲಿಸಿ ಮ್ಯೂಸಿಯಂ ಮಾಡಿದ್ದಾರೆ. ಒಳಗೆ ಇಳಿಯಬಹುದು. ಮೆಟ್ಟಿಲು ಎಷ್ಟು ಇಕ್ಕಟ್ಟು ಅಂದರೆ ದಪ್ಪಗಿರುವ ಮಾವಂದಿರು ಅಡ್ಡ ತಿರುಗಿ ಇಳಿಯಬೇಕು, ಕೆಳಗೆ ಗೊಂಬೆ ನಾವಿಕರು ತಮ್ಮ ತಮ್ಮ ಜಾಗದಲ್ಲಿ ಕೂತಿರುತ್ತಾರೆ, ಹುಡುಗರು ಅದನ್ನು ಸಮುದ್ರಕ್ಕಿಂತ ಜಾಸ್ತಿ ಹೊತ್ತು ನೋಡುತ್ತಾರೆ. ಬಿಸಿಲು ನೆತ್ತಿಗೇರಿದಾಗ, ಅಂದರೆ ಬೀಚಿನಲ್ಲಿ ನಿಲ್ಲಲು ಆಗದ ಹೊತ್ತಿನಲ್ಲಿ, ಇಂಥದ್ದೊಂದು ನೆರಳಿನ ಜಾಗ ಸಿಗುವುದು ಸಣ್ಣ ಮಾತಲ್ಲ. ಬೇರೆ ಬೀಚುಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಏನು ಮಾಡುವುದು ಅನ್ನುವುದೇ ದೊಡ್ಡ ಪ್ರಶ್ನೆ.

ಕೊಲ್ಲಿಯೊಳಗೆ ಇರುವುದರಿಂದ, ಎದುರಿಗೆ ನಡುಗಡ್ಡೆಗಳೂ ಇರುವುದರಿಂದ ಅಲೆಯ ಅಬ್ಬರ ಸ್ವಲ್ಪ ಕಡಿಮೆ. ಹಾಗಂತ ಕಾಳಿ ನದಿ ಸೇರುವ ಕಡೆ ಹೋಗಿ ಇಳಿಯಬೇಡಿ.

ಇನ್ನು ಮೀನಿನ ಊಟ. ಇದರಲ್ಲಿ ಕಾರವಾರವನ್ನು ಬೇರೆ ಯಾವ ಊರೂ ಮೀರಿಸುವುದಿಲ್ಲ ಅಂತ ನನ್ನ ವಾದ, ಕುಮಟಾದವರು ಸಿಟ್ಟಾದರೂ ಪರವಾಗಿಲ್ಲ. ಒಂದು ಥಾಳಿ ಹೇಳಿದರೆ ಅನ್ನ, ತೆಂಗಿನಕಾಯಿ ಅರೆದ ಕೆಂಪು ಮೀನುಸಾರು, ತಿಸ್ರೆ ಸುಕ್ಕಾ, ಸೋಲ್ ಕಡಿ, ಜೊತೆಗೆ ರವೆ ಹಚ್ಚಿ ಹುರಿದ ಬಂಗಡೆ. ಒಳ್ಳೆಯ ಕಡೆ ಬಂಗಡೆ ಮೈಮೇಲೆ ಮೂರು ನಾಲ್ಕು ಗೀರು ಹಾಕಿ ಮಸಾಲೆ ತುಂಬಿರುತ್ತಾರೆ, ಬಾಲ ಹಪ್ಪಳದ ಹಾಗೆ ಮುರಿಯುತ್ತದೆ. ಇಸ್ವಾಣ, ಪಾಂಪ್ಲೆಟ್ ಹೇಳುವ ಮುಂಚೆ ಆ ದಿನದ ರೇಟು ಕೇಳಿ, ಅದು ದಿನದಿನಕ್ಕೂ ಬದಲಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಆಗ ತಾಜಾ ಮೀನು ಕಡಿಮೆ, ಬೆಲೆ ಜಾಸ್ತಿ.

ಕೊರತೆ ಏನು? ಇದು ಜಿಲ್ಲಾ ಕೇಂದ್ರ. ಬೆನ್ನ ಹಿಂದೆ ಹೆದ್ದಾರಿ, ಲಾರಿ ಹಾರನ್ ಕೇಳುತ್ತಲೇ ಇರುತ್ತದೆ. ಏಕಾಂತ ಹುಡುಕಿಕೊಂಡು ಬಂದವರಿಗೆ, ಹೊಸದಾಗಿ ಮದುವೆಯಾದವರಿಗೆ ಇದು ಸಪ್ಪೆ ಅನಿಸಬಹುದು. ಆದರೆ ಸಂಜೆಯ ಗಲಾಟೆ, ಗೋಬಿ ಮಂಚೂರಿ ಗಾಡಿ, ಐಸ್‌ಕ್ರೀಮು, ಊರಿನ ಜನರೂ ವಾಕಿಂಗ್‌ಗೆ ಬರುವ ಸಡಗರ ಬೇಕು ಅನ್ನುವವರಿಗೆ ಇದೇ ಸರಿ.

ಗೋಕರ್ಣ

ದೂರ ಸುಮಾರು 150 ಕಿಲೋಮೀಟರ್, ನಮಗೆ ಎಲ್ಲಕ್ಕಿಂತ ಹತ್ತಿರ. ಇಲ್ಲಿ ಒಂದೇ ಊರಿನೊಳಗೆ ಎರಡು ಊರುಗಳಿವೆ. ಒಂದು ಮಹಾಬಲೇಶ್ವರನ ಊರು: ರಥಬೀದಿ, ಕೋಟಿತೀರ್ಥ, ಹೂವು ತರಕಾರಿ ಬುಟ್ಟಿ ಇಟ್ಟುಕೊಂಡು ಕೂತ ಹಾಲಕ್ಕಿ ಹೆಂಗಸರು, ಯಾತ್ರಿಕರ ಬಸ್ಸುಗಳು. ಇನ್ನೊಂದು ಗುಡ್ಡದ ಆಚೆಗಿನ ಕುಡ್ಲೆ, ಓಂ ಬೀಚುಗಳ ಊರು: ಕೆಫೆ, ಪಿಜ್ಜಾ, ಗಿಟಾರು, ಬೆಂಗಳೂರಿನ ಹುಡುಗ ಹುಡುಗಿಯರು. ದೇವಸ್ಥಾನವೂ ಆಗಬೇಕು, ಬೀಚೂ ಆಗಬೇಕು ಅನ್ನುವ ಮನೆಯವರಿಗೆ ಹತ್ತಿರದ ದಾರಿಯಲ್ಲಿ ಇಷ್ಟು ಚೆನ್ನಾಗಿ ಹೊಂದುವ ಜಾಗ ಬೇರೆ ಇಲ್ಲ.

ಆದರೆ ಕ್ರಮ ತಪ್ಪಬಾರದು. ಮೊದಲು ದರ್ಶನ, ಆಮೇಲೆ ನೀರು. ಮಧ್ಯಾಹ್ನ ದರ್ಶನ ನಿಲ್ಲುತ್ತದೆ, ಬೀಚಿನಲ್ಲಿ ಆಡಿ ಒಂದು ಗಂಟೆಗೆ ಬಂದರೆ ಸಂಜೆವರೆಗೆ ಕಾಯಬೇಕು. ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು, ಪಂಚೆ ಒಯ್ದಿದ್ದರೆ ಒಳ್ಳೆಯದು. ಜೀನ್ಸ್ ಹಾಕಿಕೊಂಡು ಬಂದು ಬಾಗಿಲಲ್ಲಿ ವಾದ ಮಾಡುವವರನ್ನು ಪ್ರತಿ ಸಲವೂ ನೋಡಬಹುದು. ಶಿವರಾತ್ರಿ ಸಮಯಕ್ಕೆ, ರಥೋತ್ಸವದ ದಿನಗಳಲ್ಲಿ, ಬೀಚಿಗೆ ಅಂತ ಈ ಊರಿಗೆ ಬರಲೇಬೇಡಿ.

ದರ್ಶನ ಮುಗಿಸಿ ಯಾವ ಬೀಚಿಗೆ? ದೇವಸ್ಥಾನದ ಪಕ್ಕದ ದೊಡ್ಡ ಬೀಚಿಗೆ ನಡೆದೇ ಹೋಗಬಹುದು, ವಯಸ್ಸಾದವರಿಗೆ ಅದೇ ಸಾಕು. ಓಂ ಬೀಚಿಗೆ ಆಟೋ ಅಥವಾ ನಿಮ್ಮ ಗಾಡಿ, ಮೇಲೆ ನಿಲ್ಲಿಸಿ ಮೆಟ್ಟಿಲು ಇಳಿಯಬೇಕು. ಇಳಿಯುವಾಗ ಏನೂ ಅನಿಸುವುದಿಲ್ಲ, ಸಂಜೆ ಒದ್ದೆ ಬಟ್ಟೆ ಚೀಲ ಹೊತ್ತುಕೊಂಡು, ಮಲಗಿದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಹತ್ತುವಾಗ ಗೊತ್ತಾಗುತ್ತದೆ. ಕುಡ್ಲೆಗೂ ಇಳಿಜಾರು ಇದೆ, ಆದರೆ ಮರಳು ಅಗಲ. ಹಾಫ್ ಮೂನ್, ಪ್ಯಾರಡೈಸ್ ಬೀಚುಗಳು ದೋಣಿಯಲ್ಲಿ ಅಥವಾ ಗುಡ್ಡ ಹತ್ತಿಳಿದು ಹೋಗುವಂಥವು. ಒಂದು ದಿನದ ಲೆಕ್ಕದಲ್ಲಿ ಅವನ್ನು ಬಿಟ್ಟುಬಿಡಿ.

ಖರ್ಚಿನಲ್ಲಿ ಹುಷಾರು. ರಥಬೀದಿ ಸುತ್ತಮುತ್ತ ಸಾದಾ ಊಟ, ಇಡ್ಲಿ, ಬನ್ಸ್ ಸಾಧಾರಣ ಬೆಲೆಗೆ ಸಿಗುತ್ತವೆ. ಅದೇ ಬೀಚಿನ ಕೆಫೆಯಲ್ಲಿ ಐದು ಜನ ಕೂತು ಜ್ಯೂಸು, ನೂಡಲ್ಸು ಅಂದರೆ ಬಿಲ್ಲು ನೋಡಿ ಬಾಯಿ ಕಟ್ಟುತ್ತದೆ. ಓಂ ಬೀಚಿನಲ್ಲಿ ಬಂಡೆಗಳು ಜಾಸ್ತಿ, ಅವುಗಳ ತುದಿಯಲ್ಲಿ ನಿಂತು ಸೆಲ್ಫಿ ತೆಗೆಯುವಾಗ ಅಲೆ ಬಡಿದು ಬಿದ್ದವರಿದ್ದಾರೆ. ಹುಡುಗರ ಗುಂಪು ಹೋಗುತ್ತಿದ್ದರೆ ಇದನ್ನು ಒಮ್ಮೆ ಗಟ್ಟಿಯಾಗಿ ಹೇಳಿ ಕಳಿಸಿ.

ಹೊನ್ನಾವರದ ಕಾಸರಕೋಡು

ಸಣ್ಣ ಮಕ್ಕಳಿರುವವರು ಈ ಹೆಸರು ನೆನಪಿಟ್ಟುಕೊಳ್ಳಿ. ಕೇರಳದ ಕಾಸರಗೋಡಲ್ಲ, ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿದರೆ ಸಿಗುವ ಕಾಸರಕೋಡು. ಇಲ್ಲಿನ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು, ಆ ವರ್ಷ ಕರ್ನಾಟಕದಲ್ಲಿ ಅದು ಸಿಕ್ಕಿದ್ದು ಇದಕ್ಕೆ ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿಗೆ. ಹೆಸರಿಗಿಂತ ಮುಖ್ಯ ಅದರ ಹಿಂದಿರುವ ಷರತ್ತುಗಳು: ನೀರಿನ ಗುಣಮಟ್ಟ ಪರೀಕ್ಷೆ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು. ಮರಳಲ್ಲಿ ಬಾಟಲಿ ಚೂರು ಇದೆಯಾ ಅಂತ ನೋಡುತ್ತಾ ಕೂರಬೇಕಿಲ್ಲ. ಒಳಗೆ ಹೋಗಲು ಟಿಕೆಟ್ ಇದೆ, ಆ ದುಡ್ಡಿಗೆ ಮೋಸವಿಲ್ಲ.

ಮಧ್ಯಾಹ್ನದ ಹೊತ್ತಿಗೆ ಶರಾವತಿಯಲ್ಲಿ ದೋಣಿ ವಿಹಾರ ಮಾಡಬಹುದು, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಹಲಗೆಯ ಕಾಲುದಾರಿಯೂ ಇದೆ. ಇಡಗುಂಜಿ ಗಣಪತಿ ಇಲ್ಲಿಂದ ಹತ್ತಿರ, ಅಜ್ಜಿಯ ಪಾಲೂ ಸಂದಾಯವಾಯಿತು.

ತೊಂದರೆ ದೂರದ್ದು. ಹುಬ್ಬಳ್ಳಿಯಿಂದ 190 ಕಿಲೋಮೀಟರಿನ ಆಸುಪಾಸು, ನಾಲ್ಕೂವರೆ ತಾಸು. ಮತ್ತೆ ಪೇಟೆಯ ಗಲಾಟೆ ಇಲ್ಲಿಲ್ಲ, ಸಂಜೆ ಹೊತ್ತು ತಿಂಡಿ ಗಾಡಿಗಳ ಸಾಲು ಬೇಕು ಅನ್ನುವವರು ನಿರಾಶರಾಗುತ್ತಾರೆ. ಹುಬ್ಬಳ್ಳಿಯವರಿಗೆ ಇದು ಗಡಿಯಲ್ಲಿರುವ ಆಯ್ಕೆ. ಹಾವೇರಿಯವರಿಗಂತೂ ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ.

ಮುರುಡೇಶ್ವರ ಮತ್ತು ಗೋವಾ, ಒಂದು ದಿನಕ್ಕೆ ಬೇಡ

ಮುರುಡೇಶ್ವರದಲ್ಲಿ ನೋಡುವಂಥದ್ದು ಇಲ್ಲ ಅಂತಲ್ಲ. 123 ಅಡಿಯ ಶಿವ, 20 ಅಂತಸ್ತಿನ ರಾಜಗೋಪುರ, ಲಿಫ್ಟಿನಲ್ಲಿ ಮೇಲೆ ಹೋಗಿ ಕೆಳಗಿನ ಸಮುದ್ರ ನೋಡುವುದು, ಇದೆಲ್ಲಾ ಒಮ್ಮೆ ಆಗಲೇಬೇಕು. ಆದರೆ 210 ಕಿಲೋಮೀಟರ್ ಹೋಗಿ, ರಜೆ ದಿನದ ನೂಕುನುಗ್ಗಲಲ್ಲಿ ಲಿಫ್ಟಿನ ಸಾಲಿನಲ್ಲಿ ನಿಂತು, ಊಟ ಮಾಡುವಷ್ಟರಲ್ಲಿ ಹೊರಡುವ ಹೊತ್ತಾಗುತ್ತದೆ. ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡುವ ಆಸೆ ಇದ್ದರಂತೂ ಹಿಂದಿನ ರಾತ್ರಿಯೇ ಅಲ್ಲಿರಬೇಕು. ಅಜ್ಜಿಗೆ ನಿಜವಾಗಿ ತೋರಿಸಬೇಕು ಅಂತಿದ್ದರೆ ಒಂದು ರಾತ್ರಿ ಉಳಿಯುವ ಹಾಗೆ ಕರೆದುಕೊಂಡು ಹೋಗಿ, ಇಡಗುಂಜಿಯನ್ನೂ ಸೇರಿಸಿ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ಕು ಜನ ಶಾಲಾ ಹುಡುಗಿಯರು ಇಲ್ಲೇ ಮುಳುಗಿ ಸತ್ತರು. ಆತುರದಲ್ಲಿ, ಗುಂಪಿನಲ್ಲಿ ನೀರಿಗೆ ಇಳಿಯುವ ಜಾಗ ಇದಲ್ಲ.

ಗೋವಾ ವಿಷಯ. ಧಾರವಾಡದಿಂದ ಅಳ್ನಾವರ, ಲೋಂಡಾ, ಅನಮೋಡ ಘಟ್ಟ ಇಳಿದು ಪಣಜಿ ದಾಟಿ ಕಲಂಗುಟ್ ಸೇರಲು ಕಡಿಮೆ ಅಂದರೂ ನಾಲ್ಕೂವರೆ ತಾಸು, ಹುಬ್ಬಳ್ಳಿಯಿಂದ 200 ಕಿಲೋಮೀಟರಿನ ಹತ್ತಿರ. ಗೋವಾದ ಮಜಾ ಇರುವುದೇ ಸಂಜೆ ಏಳರ ಮೇಲೆ. ಆ ಹೊತ್ತಿಗೆ ನೀವು ವಾಪಸ್ ಹೊರಟಿರಬೇಕು. ಮಧ್ಯಾಹ್ನದ ಬಿಸಿಲು ನೋಡಲು ಅಷ್ಟು ದೂರ ಯಾಕೆ? ಡ್ರೈವರ್ ಬಿಟ್ಟು ಉಳಿದವರೆಲ್ಲ ಬಿಯರ್ ಕುಡಿದು ಮಲಗಿ ಬರುತ್ತಾರೆ, ಅಷ್ಟೇ. ಇನ್ನು ಬಾಟಲಿ ತುಂಬಿಕೊಂಡು ಬರುವ ಯೋಚನೆ ಇದ್ದರೆ ಅನಮೋಡದಲ್ಲೂ ಕಾರವಾರದ ಕಡೆಯ ಮಾಜಾಳಿಯಲ್ಲೂ ಅಬಕಾರಿ ಚೆಕ್‌ಪೋಸ್ಟ್ ಇದೆ. ಟೆಂಪೊದಲ್ಲಿ ಗ್ಯಾಸ್ ಒಲೆ ಇಟ್ಟುಕೊಂಡು ಹೋಗಿ ಬೀಚಲ್ಲಿ ಪಲಾವ್ ಮಾಡುವ ರೂಢಿ ಇರುವವರೂ ಕೇಳಿ, ಗೋವಾದಲ್ಲಿ ಬಯಲಲ್ಲಿ ಅಡುಗೆ ಮಾಡಿದರೆ ದಂಡ ಹಾಕುತ್ತಾರೆ. ಎರಡು ದಿನ ರಜೆ ಸಿಕ್ಕರೆ ಮಾತ್ರ ಗೋವಾ. ಆಗ ರೈಲಿನಲ್ಲೇ ಹೋಗಿ, ಕ್ಯಾಸಲ್‌ರಾಕ್‌ನಿಂದ ದೂಧಸಾಗರದ ಪಕ್ಕ ಇಳಿಯುವ ಆ ಲೈನಿಗೇ ಅರ್ಧ ಟಿಕೆಟ್ ದುಡ್ಡು ಕೊಡಬಹುದು.

ದುಡ್ಡಿನ ಮಾತು

ನಿಮ್ಮದೇ ಕಾರು, ಲೀಟರಿಗೆ 15 ಕಿಲೋಮೀಟರ್ ಅಂತ ಹಿಡಿದರೆ ಗೋಕರ್ಣಕ್ಕೆ ಹೋಗಿ ಬರಲು 20 ಲೀಟರ್ ಪೆಟ್ರೋಲು, ಕಾರವಾರಕ್ಕೆ 22, ಕಾಸರಕೋಡಿಗೆ 25, ಮುರುಡೇಶ್ವರಕ್ಕೆ 28. ಹೆದ್ದಾರಿ 66ರಲ್ಲಿ ಕಾರವಾರದ ಕಡೆ ಹಟ್ಟಿಕೇರಿ ಟೋಲ್, ಹೊನ್ನಾವರದ ಕಡೆ ಹೊಳೆಗದ್ದೆ ಟೋಲ್. ಅಂಕೋಲಾ ಮೇಲೆ ಗೋಕರ್ಣಕ್ಕೆ ಹೋಗುವವರಿಗೆ ಇವೆರಡೂ ತಗಲುವುದಿಲ್ಲ.

ಮನೆಯಲ್ಲಿ ಹೆಂಗಸರು ಜಾಸ್ತಿ ಇದ್ದರೆ ಬಸ್ಸಿನ ಲೆಕ್ಕವೇ ಬೇರೆ ಆಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ರಾಜ್ಯದೊಳಗೆ ಸಾದಾ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ. ಅಮ್ಮ, ಅತ್ತೆ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಗಂಡಸು ಹೋದರೆ ಒಬ್ಬರ ಟಿಕೆಟ್ಟಿನಲ್ಲಿ ಸಮುದ್ರ ನೋಡಿ ಬಂದಂತಾಯಿತು. ಬಸ್ಸಿನಲ್ಲಿ ಹೋಗುವವರಿಗೆ ಕಾರವಾರವೇ ಸುಲಭ, ನೇರ ಬಸ್ಸು ಸಿಗುತ್ತದೆ, ಬೀಚೂ ಸ್ಟ್ಯಾಂಡಿಗೆ ಹತ್ತಿರ. ಗೋಕರ್ಣಕ್ಕೆ ನೇರ ಬಸ್ ಸಿಗದಿದ್ದರೆ ಅಂಕೋಲಾದಲ್ಲಿ ಬದಲಿಸಬೇಕು, ಓಂ ಬೀಚಿಗೆ ಆಮೇಲೆ ಆಟೋ ಖರ್ಚು ಬೇರೆ. ಹುಬ್ಬಳ್ಳಿ–ಅಂಕೋಲಾ ರೈಲು ಆಗಿದ್ದರೆ ಇಷ್ಟೆಲ್ಲಾ ಬರೆಯುವ ಕೆಲಸವೇ ಇರುತ್ತಿರಲಿಲ್ಲ. ದಶಕಗಳಿಂದ ಕೇಳುತ್ತಲೇ ಇದ್ದೇವೆ.

ಮೀನು ತಿನ್ನದವರು ಬುತ್ತಿ ಕಟ್ಟಿಕೊಂಡೇ ಹೋಗಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣಗಾಯಿ ಮಧ್ಯಾಹ್ನದವರೆಗೆ ಕೆಡುವುದಿಲ್ಲ. ಮೊಸರನ್ನ ಬೇಡ, ಕರಾವಳಿಯ ಸೆಕೆಗೆ ಹನ್ನೊಂದಕ್ಕೇ ಹುಳಿ ಹಿಡಿದಿರುತ್ತದೆ.

ಯಾವಾಗ, ಮತ್ತೆ ನೀರಿನ ಬಗ್ಗೆ

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ನವೆಂಬರ್, ಡಿಸೆಂಬರ್‌ನಲ್ಲಂತೂ ಸೂರ್ಯ ಆರು ದಾಟಿದ ಸ್ವಲ್ಪ ಹೊತ್ತಿಗೇ ಮುಳುಗುತ್ತಾನೆ. ಸೂರ್ಯಾಸ್ತ ನೋಡಿಯೂ ಆರೂವರೆಗೆ ಹೊರಟರೆ ಹತ್ತರ ಆಚೀಚೆ ಮನೆ. ಮೇ ತಿಂಗಳಲ್ಲಿ ಸೂರ್ಯಾಸ್ತ ಏಳರ ಹತ್ತಿರ ಹೋಗುತ್ತದೆ, ಅಷ್ಟು ಹೊತ್ತು ಕಾದರೆ ಅರಬೈಲ್ ಘಟ್ಟದಲ್ಲಿ ಲಾರಿಗಳ ಹಿಂದೆ ಎಂಟೂವರೆಗೆ ಸಿಕ್ಕಿಹಾಕಿಕೊಳ್ಳುತ್ತೀರಿ. ಬೇಸಿಗೆಗೆ ಒಂದೇ ಲಾಭ: ಅಂಕೋಲಾದ ಕರಿ ಈಶಾಡ ಮಾವಿನಹಣ್ಣು, ಕುಮಟಾ ಕಡೆ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ. ಆ ಈರುಳ್ಳಿಯನ್ನು ಅಡುಗೆಮನೆಯಲ್ಲಿ ಹಾಗೇ ನೇತುಹಾಕಿ, ಬೇಕಾದಾಗ ಒಂದೊಂದೇ ಕಿತ್ತು ಬಳಸಬಹುದು.

ಜೂನ್‌ನಿಂದ ಸೆಪ್ಟೆಂಬರ್ ಬೇಡ. ನೀರಿಗೆ ಇಳಿಯುವ ಪ್ರಶ್ನೆಯೇ ಇಲ್ಲ, ದಾರಿಯೂ ನಂಬಿಕೆಯದ್ದಲ್ಲ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದದ್ದು ಅಂಕೋಲಾದಿಂದ ಗೋಕರ್ಣಕ್ಕೆ ಹೋಗುವ ಇದೇ ಹೆದ್ದಾರಿಯ ಮೇಲೆ. ಮುಂದಿನ ತಿಂಗಳೇ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿಯಿತು.

ನಮ್ಮ ಬಯಲುಸೀಮೆಯ ಹುಡುಗರಿಗೆ ಒಂದು ಮಾತು. ಬಾವಿಯಲ್ಲಿ, ಕೆರೆಯಲ್ಲಿ ಈಜು ಕಲಿತವರೇ ಸಮುದ್ರದಲ್ಲಿ ಜಾಸ್ತಿ ಧೈರ್ಯ ಮಾಡುತ್ತಾರೆ. ಬಾವಿಯ ನೀರು ಎಳೆಯುವುದಿಲ್ಲ, ಸಮುದ್ರದ್ದು ಎಳೆಯುತ್ತದೆ. ಎರಡೂ ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ ಅಲ್ಲಿ ಇಳಿಯಬೇಡಿ, ನೀರು ವಾಪಸ್ ಒಳಗೆ ಹೋಗುವ ದಾರಿ ಅದೇ ಆಗಿರುತ್ತದೆ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಎದುರು ಈಜಿ ಸುಸ್ತಾಗಬೇಡಿ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ಸಡಿಲವಾದ ಮೇಲೆ ದಡಕ್ಕೆ ತಿರುಗಿ. ಕೆಂಪು ಬಾವುಟ ಇದ್ದ ಕಡೆ, ಜೀವರಕ್ಷಕರು ಸೀಟಿ ಊದಿದ ಕಡೆ ವಾದ ಬೇಡ.

ಒಂದೇ ಗುಂಪಿನಲ್ಲಿ ಅಜ್ಜಿಯೂ ಇದ್ದು ಕಾಲೇಜು ಹುಡುಗರೂ ಇದ್ದರೆ? ಗೋಕರ್ಣ ಸರಿಹೋಗುತ್ತದೆ. ಹಿರಿಯರು ದರ್ಶನ ಮುಗಿಸಿ ದೊಡ್ಡ ಬೀಚಿನಲ್ಲಿ ಕೂರಲಿ, ಹುಡುಗರು ಕುಡ್ಲೆಗೆ ಹೋಗಿ ಬರಲಿ. ಅಜ್ಜಿಗೆ ನಡೆಯಲು ಕಷ್ಟ, ಮೀನಿಲ್ಲದೆ ಅಪ್ಪನಿಗೆ ಊಟ ಸೇರುವುದಿಲ್ಲ ಅಂದರೆ ಕಾರವಾರ. ಎರಡನ್ನೂ ಒಂದೇ ದಿನ ಮುಗಿಸುತ್ತೇವೆ ಅನ್ನುವ ಉಮೇದು ಬೇಡ, ನಡುವೆ 60 ಕಿಲೋಮೀಟರ್ ಇದೆ. ಗಾಡಿ ಓಡಿಸುವವರು ಮಧ್ಯಾಹ್ನ ಊಟದ ಮೇಲೆ ಒಂದು ತಾಸಾದರೂ ಮಲಗಲಿ, ಆ ಹೊತ್ತಿನಲ್ಲಿ ಅವರನ್ನು ಫೋಟೋ ತೆಗೆಯಲು ಎಬ್ಬಿಸಬೇಡಿ. ಬಸ್ಸಿನವರು ಇಳಿದ ಕೂಡಲೇ ವಾಪಸ್ ಹುಬ್ಬಳ್ಳಿಗೆ ಕೊನೆಯ ಬಸ್ ಎಷ್ಟಕ್ಕೆ ಅಂತ ವಿಚಾರಣೆ ಕೌಂಟರಿನಲ್ಲಿ ಕೇಳಿ, ಅದಕ್ಕಿಂತ ಒಂದು ಬಸ್ ಮುಂಚಿನದನ್ನು ಹಿಡಿಯಿರಿ. ಭಾನುವಾರ ಸಂಜೆ ಕೊನೆಯ ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ.